ಇಲಿಗೊಂದು ನ್ಯಾಯ, ಸೊಸೆಗೊಂದು ನ್ಯಾಯ

ಕರುಪ್ಪಸಾಮಿ ಗೌಡರ ಮನೆಯಲ್ಲಿ ಜಗಳವೆಂಬುದೇ ಇಲ್ಲ ಎಂದು ತಮಿಳು ಸೀಮೆಯ ಕಂಬಂ ಊರಿನ ಕನ್ನಡದ ಬೀದಿಗಳೆಲ್ಲ ಮಾತಾಡಿಕೊಳ್ಳುತ್ತಿದ್ದವು. ಹಾಗೆ ಮಾತಾಡಿಕೊಳ್ಳುವಂತೆ ನೋಡಿಕೊಂಡವರು ಗೌಡರೇ. ಯಾರ ಮನೆಯ ಪಂಚಾಯ್ತಿಗೆ ಹೋದರೂ ಮೊದಲು ತಲೆಗೆ ಸುತ್ತಿದ ತುಂಡುಬಟ್ಟೆ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಳ್ಳುವರು. ಆಮೇಲೆ, "ನನ್ ಮನೇಲೂ ಇಬ್ರು ಸೊಸೇರು ಅವ್ರೆ. ಒಂದೇ ಒಲೆ. ಬೀದೀಲಿ ನಿಂತು ಕಿವಿ ಕೊಟ್ಟು ಕೇಳಿ, ಒಂದು ಸದ್ದು ಬಂದ್ರೆ ನನ್ ಮೀಸೆ ತೆಗೀತೀನಿ" ಎಂದು ಶುರು ಮಾಡುವರು. ಜಗಳ ತಂದವರಿಗೆ ಅರ್ಧ ನಾಚಿಕೆ ಅಲ್ಲಿಗೇ ಆಗಿಬಿಡುತ್ತಿತ್ತು.

ಕಿರಿಯ ಸೊಸೆ ಪಾಂಡಿಯಮ್ಮಾಳಿಗೆ ಮಾತ್ರ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಮೈ ಉರಿಯುತ್ತಿತ್ತು. ಸದ್ದು ಬರುತ್ತಿರಲಿಲ್ಲ, ನಿಜ. ಸದ್ದು ಬಾರದಂತೆ ಇರುವುದಕ್ಕೆ ಅವಳು ಪಡುವ ಪಾಡು ಬೀದಿಗೆ ಕೇಳುವುದಾದರೂ ಹೇಗೆ? ಓಡೈಪಟ್ಟಿಯಿಂದ ಮದುವೆಯಾಗಿ ಬಂದು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ಮಡಕೆಯೊಳಗೆ ಇವತ್ತು ಏನು ಬೇಯಬೇಕು ಎಂದು ಅವಳು ಒಂದು ದಿನವೂ ತೀರ್ಮಾನ ಮಾಡಿದ್ದಿಲ್ಲ. ಕಾಳು ಆರಿಸುವವಳು ಅವಳು, ತೊಳೆಯುವವಳು ಅವಳು, ಖಾರ ರುಬ್ಬುವವಳು ಅವಳು. ಅಷ್ಟಾದ ಮೇಲೆ ಹಿರಿಯ ಸೊಸೆ ಗೋವಿಂದಮ್ಮಾಳ್ ಬಂದು ಒಲೆಯ ಮುಂದೆ ಕೂತರೆ, ಪಾಂಡಿಯಮ್ಮಾಳ್ ಎದ್ದು ಪಕ್ಕಕ್ಕೆ ಸರಿಯಬೇಕು. ಅತ್ತೆ ಸಾಯುವ ಮೊದಲು ಮಾಡಿಟ್ಟುಹೋದ ಏರ್ಪಾಡು ಅದು.

ಗೋವಿಂದಮ್ಮಾಳ್ ಕೆಟ್ಟವಳೇನಲ್ಲ. ಕೆಟ್ಟವಳಾಗಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಬೈಯುವುದಿಲ್ಲ, ಚಾಡಿ ಹೇಳುವುದಿಲ್ಲ, ಎಣ್ಣೆ ಸ್ನಾನದ ದಿನ ಓರಗಿತ್ತಿಯ ಬೆನ್ನನ್ನು ತಾನೇ ಉಜ್ಜುತ್ತಾಳೆ. ಆದರೆ ಅವಳು ಮಾಡುವ ಸಾರು ಅನ್ನದ ಮೇಲೆ ನಿಲ್ಲದೆ ತಟ್ಟೆಯ ಅಂಚಿಗೆ ಓಡುತ್ತಿತ್ತು. ಗಟ್ಟಿಯಾಗಿ ಕಡೆದ ಕಾಳಿನ ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕಂಡು ಬೆಳೆದ ಪಾಂಡಿಯಮ್ಮಾಳ್, ದಿನವೂ ಎರಡು ಹೊತ್ತು ಆ ಸಾರನ್ನು ಬೆರಳಲ್ಲಿ ಅಟ್ಟಿಸಿಕೊಂಡು ಹೋಗಿ ಉಣ್ಣುತ್ತಿದ್ದಳು. ತನಗೆ ಬೇಕಾದದ್ದು ಒಂದೇ, ಒಂದು ಬೇರೆ ಒಲೆ. ಆಸ್ತಿ ಬೇಡ, ತೋಟದ ಪಾಲು ಬೇಡ, ಒಡವೆ ಬೇಡ. ಅವರ ಮಾತಿನಲ್ಲಿ ಹೇಳುವುದಾದರೆ ತನಿ ಒಲೆ.

ಗಂಡ ಬೊಮ್ಮುಸಾಮಿಗೆ ಹೇಳಿ ನೋಡಿದ್ದಳು. ಅವನು ತಲೆ ಕೆರೆದುಕೊಂಡ. ಮುದ್ದಿಗೆ ಹೆಂಡತಿಯನ್ನು ಪುಳ್ಳೆ, ಅಂದರೆ ಹುಡುಗಿ, ಎಂದೇ ಕರೆಯುತ್ತಿದ್ದ. "ಜಗಳ ಇಲ್ದೆ ತನಿ ಒಲೆ ಕೇಳಿದ್ರೆ ಅಪ್ಪ ಕೊಡಲ್ಲ ಪುಳ್ಳೆ. ಯಾರಿಗೂ ಕೊಟ್ಟಿಲ್ಲ. ನಂಗೂ ಕೊಡಲ್ಲ" ಎಂದ. ಅದು ನಿಜವೇ. ಬೀದಿಯಲ್ಲಿ ಎಷ್ಟೋ ಮನೆಗಳ ಒಲೆ ಬೇರೆ ಮಾಡಿಕೊಟ್ಟವರು ಗೌಡರು. ಆದರೆ ಅದಕ್ಕೊಂದು ಕಟ್ಟಳೆ ಇಟ್ಟಿದ್ದರು. ಜಗಳ ನಡೆದಿರಬೇಕು, ಆ ಜಗಳ ಬೀದಿಯವರೆಗೆ ಕೇಳಿರಬೇಕು, ಕೇಳಿದವರೊಬ್ಬರು ಬಂದು ಹೌದು ಎನ್ನಬೇಕು. ಸಾಕ್ಷಿಯಿಲ್ಲದ ಜಗಳ ಅವರ ಲೆಕ್ಕದಲ್ಲಿ ಜಗಳವಲ್ಲ, ಬರೀ ಕೊಬ್ಬು.

ವಿಷಯ ಹೀಗೆ ಅಂಗಾತ ಬಿದ್ದಿದ್ದಾಗ, ಅರವತ್ತಾರನೇ ಇಸವಿಯಲ್ಲಿ, ಆ ಮನೆಗೆ ಸೀಮೆ ಇಲಿಗಳು ಬಂದವು.

ತಂದವನು ಬೊಮ್ಮುಸಾಮಿಯೇ. ತೋಟದ ಬಾಳೆಗೊನೆಯನ್ನು ಲಾರಿಗೆ ಹಾಕಿಕೊಂಡು ಕುಮಳಿ ಘಾಟಿ ಹತ್ತಿ, ಮೇಲಿನ ಟೀ ಎಸ್ಟೇಟುಗಳಿಗೆ ಹಾಕಿ ಬರುವುದು ಅವನ ಕೆಲಸ. ಅಲ್ಲಿನ ಒಬ್ಬ ಬಿಳಿ ದೊರೆ ಬಂಗಲೆ ಖಾಲಿ ಮಾಡಿ ತನ್ನ ದೇಶಕ್ಕೆ ಹೊರಟಿದ್ದ. ಕುರ್ಚಿ ಮೇಜುಗಳನ್ನು ಯಾರ್ಯಾರೋ ಹೊತ್ತುಕೊಂಡು ಹೋದ ಮೇಲೆ ಉಳಿದದ್ದು ಒಂದು ಟೀ ಪೆಟ್ಟಿಗೆ. ಅದರೊಳಗೆ ಎರಡು ಜೀವ. ದೊರೆ ಅದನ್ನು ಬೊಮ್ಮುಸಾಮಿಯ ಕೈಗಿಟ್ಟು, ಕೈ ಕುಲುಕಿ, ಮೂಗು ಒರೆಸಿಕೊಂಡು ಕಾರು ಹತ್ತಿದ. ಬಂಗಲೆಯ ಅಡುಗೆಯವನು ಹೇಳಿದ್ದಿಷ್ಟು: ಇವಕ್ಕೆ ಸೀಮೆ ಇಲಿ ಎನ್ನುತ್ತಾರೆ, ಕೆಂಚನೆಯದು ಗಂಡು, ಬೆಳ್ಳನೆಯದು ಹೆಣ್ಣು, ಬೇಗ ಮರಿ ಹಾಕುತ್ತವೆ.

ಓದಿದವರು ಈ ಪ್ರಾಣಿಯನ್ನು ಗಿನಿಹಂದಿ ಎನ್ನುತ್ತಾರೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಒಳ್ಳೆಯದಾಯಿತು. ಇಲಿ ಎಂದದ್ದಕ್ಕೇ ಗೋವಿಂದಮ್ಮಾಳ್ ಪೊರಕೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

ಗೌಡರು ಬಂದು ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಬಹಳ ಹೊತ್ತು ನೋಡಿದರು. ಒಂದು ಹಿಡಿ ಗರಿಕೆ ತರಿಸಿ ಒಳಗೆ ಹಾಕಿದರು. ಎರಡೂ ಮುಗಿಬಿದ್ದು ಮೆಲ್ಲತೊಡಗಿದವು.

"ಉಲ್ಲು ತಿಂತದೆ" ಎಂದರು ಗೌಡರು. "ಬಾಲ ಇಲ್ಲ. ಇಲಿ ಯಾವತ್ತಾದ್ರೂ ಉಲ್ಲು ಮೇದದ್ದು ನೋಡಿದ್ದೀಯಾ?"

"ಇಲ್ಲ ಮಾಮಾ" ಎಂದಳು ಗೋವಿಂದಮ್ಮಾಳ್.

"ಕೊಟ್ಟಿಗೆ ಅತ್ರ ಮಡಗು. ಇದು ದನದ ಜಾತಿ."

ನಗುವ ಧೈರ್ಯ ಯಾರಿಗೂ ಬರಲಿಲ್ಲ. ದನದ ವಿಷಯದಲ್ಲಿ ಗೌಡರ ಮಾತಿಗೆ ಆ ಊರಲ್ಲಿ ಎದುರಿಲ್ಲ. ಅವರ ಜನಕ್ಕೆ ದೇವರಿಗೆ ಬಿಟ್ಟ ದನಗಳದ್ದೊಂದು ಮಂದೆಯೇ ಉಂಟು. ಅವನ್ನು ನೊಗಕ್ಕೆ ಕಟ್ಟುವುದಿಲ್ಲ, ಅವುಗಳ ಹಾಲು ಮಾರುವುದಿಲ್ಲ, ಸತ್ತರೆ ಮನುಷ್ಯರಿಗೆ ಮಾಡಿದ ಹಾಗೆ ಮಣ್ಣು ಮಾಡುತ್ತಾರೆ. ಆ ದೊಡ್ಡಿಯ ಹಿರಿಯರಲ್ಲಿ ಗೌಡರೂ ಒಬ್ಬರು. ಹಸುವಿನ ಕೆಮ್ಮು ಕೇಳಿ ಅದು ಮೇದ ಹೊಲ ಯಾವುದೆಂದು ಹೇಳುತ್ತಾರೆ ಎಂಬ ಹೆಸರಿತ್ತು. ಅಂಥವರು ದನ ಎಂದ ಮೇಲೆ ಅದು ದನವೇ. ಅವತ್ತಿನಿಂದ ಕೆಂಚನೆಯದು ಕೆಂದ, ಬೆಳ್ಳನೆಯದು ಬೆಳ್ಳಿ. ಸಂಕ್ರಾಂತಿಯ ದಿನ ಹಸುಗಳ ಕೊಂಬಿಗೆ ಬಣ್ಣ ಬಳಿದ ಮೇಲೆ ಗೌಡರು ಅದೇ ಬಣ್ಣವನ್ನು ಹಿಡಿದುಕೊಂಡು ಪೆಟ್ಟಿಗೆಯ ಹತ್ತಿರ ಹೋದರು. ಕೊಂಬಿಲ್ಲದ್ದು ಕಂಡು ವಾಪಸು ಬಂದರು.

ತೊಂದರೆ ಏನೆಂದರೆ, ಕೆಂದನಿಗೂ ಬೆಳ್ಳಿಗೂ ಒಂದು ಗಳಿಗೆಯೂ ಸರಿಬರುತ್ತಿರಲಿಲ್ಲ. ಒಂದು ಹತ್ತಿರ ಬಂದರೆ ಇನ್ನೊಂದು ಕತ್ತಿನ ಕೂದಲು ನಿಗುರಿಸಿಕೊಂಡು, ಹುರಿಗಡಲೆ ಅಗಿದ ಹಾಗೆ ಹಲ್ಲು ಕಟಕಟಿಸುತ್ತಿತ್ತು. ಹಿಂಭಾಗ ಕುಲುಕಿಸುತ್ತಾ, ಗುರುಗುಟ್ಟುತ್ತಾ ಒಂದನ್ನೊಂದು ಸುತ್ತುಹಾಕುತ್ತಿದ್ದವು. ಆಮೇಲೆ ಎಗರುತ್ತಿದ್ದವು. ಬೆಳ್ಳನೆ ಕೂದಲು ಪೆಟ್ಟಿಗೆಯ ಮೂಲೆಯಲ್ಲಿ ಉದುರಿರುತ್ತಿತ್ತು.

"ಒಸ ಎಣ್ಣು. ನಾಚ್ಕೆ" ಎಂದರು ಗೌಡರು.

ನಾಚಿಕೆ ತಿಂಗಳಾದರೂ ಹೋಗಲಿಲ್ಲ, ಮರಿಯೂ ಬರಲಿಲ್ಲ. ಕೊನೆಗೆ ದೇವರ ಮಂದೆ ಕಾಯುವ ಅಯ್ಯನಾರ್ ಏನೋ ಮಾತಾಡಲು ಮನೆಗೆ ಬಂದವನು, ಪೆಟ್ಟಿಗೆಗೆ ಕೈ ಹಾಕಿ ಎರಡನ್ನೂ ಒಂದೊಂದಾಗಿ ಮಗುಚಿ ನೋಡಿದ. "ಗೌಡರೇ, ಎರಡೂ ಓರಿ" ಎಂದ. ಗೌಡರು ಸ್ವಲ್ಪ ಹೊತ್ತು ಆಕಾಶ ನೋಡಿ, "ನಂಗೆ ಮೊದಲ್ನೇ ದಿನವೇ ಸಂದೇಹ ಇತ್ತು" ಎಂದರು. ಹೀಗೆ ಬೆಳ್ಳಿ ಬೆಳ್ಳನಾದ.

ಎರಡೂ ಹೋರಿಯೆಂದ ಮೇಲೆ ಗೌಡರಿಗೆ ದಾರಿ ಸಲೀಸಾಯಿತು. ಹೋರಿಗಳನ್ನು ರಾಜಿ ಮಾಡಿಸುವುದು ಅವರಿಗೆ ಹೊಸದಲ್ಲ. ಮೊದಲು ಎರಡಕ್ಕೂ ಒಂದೇ ಹರಳೆಣ್ಣೆ ಸವರಿದರು, ಮೈವಾಸನೆ ಒಂದೇ ಆದರೆ ಅಣ್ಣತಮ್ಮ ಎಂದುಕೊಳ್ಳುತ್ತವೆಂದು. ಎರಡೂ ಜಾರಿ ಜಾರಿ ಕಚ್ಚಾಡಿದವು. ಒಂದೇ ತಟ್ಟೆಯಲ್ಲಿ ದಂಟಿನ ಸೊಪ್ಪು ಇಟ್ಟರು. ಕೆಂದ ತಟ್ಟೆಯೊಳಗೇ ಕೂತು ಬೆಳ್ಳನಿಗೆ ಬೆನ್ನು ತೋರಿಸಿತು. ವಿಭೂತಿ ಹಚ್ಚಿದರು. ಬೆಳ್ಳ ಸೀನಿತು.

"ಪಟ್ಟ ಕಟ್ಟಬೇಕು. ರಾಜ ಯಾರು ಅಂತ ಗೊತ್ತಿಲ್ದೆ ಒಡೆದಾಡ್ತವೆ" ಎಂದರು.

ದೇವರ ಮಂದೆಗೆ ಒಂದು ಪಟ್ಟದ ಹೋರಿ ಇರುತ್ತದೆ. ಅದು ಸತ್ತರೆ ಮುಂದಿನದನ್ನು ಮನುಷ್ಯರು ಆರಿಸುವುದಿಲ್ಲ. ಹೋರಿಗಳ ಮುಂದೆ ಕಬ್ಬು ಇಡುತ್ತಾರೆ. ಯಾವುದು ತಾನಾಗಿ ಬಂದು ಮೊದಲು ಬಾಯಿ ಹಾಕುತ್ತದೋ ಅದೇ ರಾಜ, ಮಿಕ್ಕವು ಅದರ ಹಿಂದೆ ನಡೆಯಬೇಕು. ಅದೇ ಪ್ರಕಾರ ಗೌಡರು ಅಂಗಳ ಗುಡಿಸಿ ಸಗಣಿ ಸಾರಿಸಿ ರಂಗೋಲಿಯ ಕೋಲ ಬಿಡಲು ಹೇಳಿದರು. ಗೋವಿಂದಮ್ಮಾಳ್ ಸಾರಿಸಿದಳು, ಪಾಂಡಿಯಮ್ಮಾಳ್ ಕೋಲ ಬಿಟ್ಟಳು. ಒಂದು ಗಿಣ್ಣು ಕಬ್ಬನ್ನು ಸಿಪ್ಪೆ ತೆಗೆದು ನಡುವೆ ಇಟ್ಟರು. ಪಕ್ಕದ ಮನೆಯ ಪೇಚ್ಚಿಯಮ್ಮಾಳ್ ಗೋಡೆಯ ಮೇಲಿಂದ ಇಣುಕಿದಳು. ಬೀದಿಯಲ್ಲಿ ಹೋಗುತ್ತಿದ್ದವರು ಕೆಲವರು ಒಳಬಂದು ಮರ್ಯಾದೆಯಿಂದ ಕೈಕಟ್ಟಿ ನಿಂತರು, ಏನು ನಡೆಯುತ್ತಿದೆಯೆಂದು ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಕೆಂದ ಮೊದಲು ಬಂದು ಕಬ್ಬು ನೆಕ್ಕಿತು. ಗೌಡರು ಅರಿಶಿನದ ದಾರ ಕಟ್ಟಿ ಕುಂಕುಮ ಇಟ್ಟು, "ಇವತ್ತಿಂದ ಇವನೇ ರಾಜ. ಬೆಳ್ಳಾ, ಕೇಳಿಸ್ತಾ?" ಎಂದರು. ಬೆಳ್ಳನಿಗೆ ಕೇಳಿಸಲಿಲ್ಲವೋ, ಕೇಳಿಸಿದ್ದೇ ಹೆಚ್ಚಾಯಿತೋ. ಅರಿಶಿನದ ನೀರು ಆರುವ ಮೊದಲೇ ಅದು ರಾಜನ ಮೇಲೆ ಬಿದ್ದು ದಾರ ಹರಿದು ತಿಂದಿತು. ರಾಜ ಅದರ ಕಿವಿಯನ್ನು ಅರ್ಧಕ್ಕೆ ಹರಿದ. ಕೋಲದ ಮೇಲೆ ನೆತ್ತರು ಬಿತ್ತು.

ನೆತ್ತರು ಕಂಡದ್ದೇ ಗೌಡರ ಮುಖ ಬಾಡಿತು. ಮುದುಕನಿಗೆ ಆ ಜೀವಗಳ ಮೇಲೆ ನಿಜವಾಗಿಯೂ ಪ್ರೀತಿ ಬಂದಿತ್ತು. ಬೆಳ್ಳನ ಕಿವಿಗೆ ತಾವೇ ಅರಿಶಿನ ಒತ್ತಿ, ಅಟ್ಟದಿಂದ ಒಂದು ಹಲಗೆ ಇಳಿಸಿ, ಗರಗಸ ತಂದು ಕೂತರು. ಹಲಗೆಯನ್ನು ಪೆಟ್ಟಿಗೆಯ ನಡುವೆ ಅಡ್ಡ ಹಾಕಿ ಮೊಳೆ ಹೊಡೆದರು. ಆಚೆಗೊಂದು ತೆಂಗಿನ ಕರಟ, ಈಚೆಗೊಂದು ಕರಟ. ಆಚೆಗೊಂದು ಹಿಡಿ ಹುಲ್ಲು, ಈಚೆಗೊಂದು ಹಿಡಿ. ಎರಡಕ್ಕೂ ಬೇರೆ ಬೇರೆ ಬಾಗಿಲು ಕೂಡ ಕೊರೆದರು. ಕೆಲಸ ಮುಗಿದಾಗ ಎರಡೂ ಆ ಹಲಗೆಗೇ ಬೆನ್ನು ಕೊಟ್ಟು, ಆಚೆ ಈಚೆ ನೆಮ್ಮದಿಯಾಗಿ ಮಲಗಿಬಿಟ್ಟವು.

"ನೋಡಿದ್ಯಾ?" ಎಂದರು ಗೌಡರು, ಪಕ್ಕದಲ್ಲಿ ಹಿಟ್ಟು ರುಬ್ಬುತ್ತಿದ್ದ ಪಾಂಡಿಯಮ್ಮಾಳಿಗೆ. "ಒಂದೇ ಪೆಟ್ಟಿಗೇಲಿ ಇದ್ದವು ಅಂತ ಒಂದೇ ತಟ್ಟೇಲಿ ತಿನ್ನಿ ಅಂದ್ರೆ ಆಯ್ತದಾ ತಾಯೀ? ಅದಕ್ಕೂ ಒಂದು ಮನಸು ಐತೆ. ತನಿಯಾಗಿ ಮಡಗಿದ್ರೆ ಎರಡೂ ಬದುಕ್ತವೆ. ಇದ್ರಲ್ಲಿ ಮಾನ ಓಗೋದು ಏನೈತೆ?"

ಪಾಂಡಿಯಮ್ಮಾಳಿನ ಕೈ ರುಬ್ಬುಗುಂಡಿನ ಮೇಲೆ ನಿಂತಿತು. ಆರು ವರ್ಷದಿಂದ ಈ ಬಾಯಿಯಿಂದ ಈ ಮಾತು ಬರಲಿ ಎಂದು ಕಾಯುತ್ತಿದ್ದವಳು ಅವಳು. ಬಂತು, ಇಲಿಗೆ ಬಂತು. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟು ಮುಂದಾಗಿದ್ದರಿಂದ ಬಾಯಿ ತೆರೆಯಿತು.

"ಮಾಮಾ, ಅಂಗೇ ನಮ್ಗೂ ಒಂದು ಅಲಗೆ ಅಡ್ಡ ಆಕಿ ಕೊಡಿ."

"ಯಾರಿಗೆ?"

"ನಂಗೂ ಅಕ್ಕಗೂ. ತನಿ ಒಲೆ."

ಗೌಡರು ಗರಗಸ ಕೆಳಗಿಟ್ಟು ಅವಳನ್ನು ದಿಟ್ಟಿಸಿದರು. ಆಮೇಲೆ ನಕ್ಕರು. "ಗೋವಿಂದಮ್ಮ ನಿನ್ ಕಿವಿ ಕಚ್ಚಿದ್ಳಾ?"

"ಇಲ್ಲ."

"ನೀ ಅವಳ್ನ ಕಚ್ಚಿದ್ಯಾ?"

"ಇಲ್ಲ ಮಾಮಾ."

"ಮತ್ತೆ? ಇಟ್ಟು ರುಬ್ಬು ಓಗು."

ಮಾರನೆಯ ದಿನ ಬಟ್ಟೆ ಒಗೆಯಲು ಇಬ್ಬರೂ ಕಾಲುವೆಗೆ ಹೋದರು. ಪಾಂಡಿಯಮ್ಮಾಳ್ ಕಲ್ಲಿನ ಮೇಲೆ ಗಂಡನ ಅಂಗಿಯನ್ನು ಹರಿಯುವಷ್ಟು ಕುಕ್ಕಿದಳು. ಆಮೇಲೆ ತಲೆಯೆತ್ತದೆ, "ಅಕ್ಕ, ನಾವಿಬ್ರೂ ಒಂದು ಜಗಳ ಆಡ್ಬೇಕು" ಎಂದಳು. ಗೋವಿಂದಮ್ಮಾಳ್ ಯಾಕೆಂದು ಕೇಳಿದರೆ ಏನು ಹೇಳುವುದು? ನಿನ್ನ ಸಾರು ನನಗೆ ಸೇರದು ಎನ್ನುವುದೇ?

ಗೋವಿಂದಮ್ಮಾಳ್ ಸೀರೆ ಹಿಂಡುತ್ತಿದ್ದಳು. ಹಿಂಡಿ ಮುಗಿಸಿ, ಒದರಿ, ಬುಟ್ಟಿಗೆ ಹಾಕಿ, "ಯಾವತ್ತು?" ಎಂದಳು.

"ನಿಂಗೆ ಕೋಪ ಇಲ್ವಾ?"

"ತನಿ ಒಲೆಗೆ ತಾನೇ? ಮಾಮ ನಗಾಡ್ತಿದ್ದದ್ದು ನಂಗೂ ಕೇಳಿಸ್ತು." ಇನ್ನೊಂದು ಸೀರೆ ಎತ್ತಿಕೊಂಡಳು. "ಶುಕ್ರವಾರ ಬೇಡ, ವಿಳಕ್ಕು ದೀಪ ಅಚ್ಚೋ ದಿನ. ಸಂತೆ ದಿನ ಬೀದೀಲಿ ಯಾರೂ ಇರಲ್ಲ, ಯಾರೂ ಕೇಳ್ದೆ ಜಗಳ ಆಡಿ ಏನ್ ಬಂತು? ಬುಧವಾರ ಮಡಿಕ್ಕೋ. ಪೇಚ್ಚಿಯಮ್ಮ ಮನೇಲೇ ಇರ್ತಾಳೆ."

ಅವಳು ಇಷ್ಟು ಸಲೀಸಾಗಿ ಒಪ್ಪಿದ್ದು ಪಾಂಡಿಯಮ್ಮಾಳಿಗೆ ಆಶ್ಚರ್ಯವಾಯಿತು. ಆದರೆ ಸಂತೋಷದಲ್ಲಿ ಅದನ್ನು ಕೆದಕಲು ಹೋಗಲಿಲ್ಲ. ಬಟ್ಟೆ ಒಣಗುವಷ್ಟರಲ್ಲಿ ಎಲ್ಲ ಗೊತ್ತುಮಾಡಿಕೊಂಡರು. ಜಗಳದ ವಿಷಯ ಮೊಸರು. ಮೊಸರಿನ ಪಾತ್ರೆ ಮುಚ್ಚದೆ ಬಿಟ್ಟದ್ದು, ಬೆಕ್ಕು ಬಾಯಿ ಹಾಕಿದ್ದು. ಪಾಂಡಿಯಮ್ಮಾಳ್ ಶುರು ಮಾಡಬೇಕು, ಯಾಕೆಂದರೆ ಅವಳ ಗಂಟಲು ದೊಡ್ಡದು. ಕೈ ಎತ್ತುವ ಹಾಗಿಲ್ಲ, ಪಾತ್ರೆ ಎಸೆಯುವ ಹಾಗಿಲ್ಲ.

"ಅವ್ವಂದಿರ ಎತ್ಬಾರ್ದು" ಎಂದಳು ಗೋವಿಂದಮ್ಮಾಳ್. "ಮಕ್ಳ ವಿಷ್ಯ ಎತ್ಬಾರ್ದು. ಮಿಕ್ಕಿದ್ದು ಏನಾರೂ ಅನ್ನು."

ಬುಧವಾರ ಬಂತು. ಗೌಡರು ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಗೋಡೆಯಾಚೆ ಪೇಚ್ಚಿಯಮ್ಮಾಳ್ ಮೊರದಲ್ಲಿ ಕೇರುವ ಸದ್ದು ಕೇಳುತ್ತಿತ್ತು. ಪಾಂಡಿಯಮ್ಮಾಳ್ ಅಂಗಳದ ನಡುವೆ ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, "ಮೊಸರು ಮುಚ್ಚದೆ ಬಿಟ್ಟಿದ್ದು ಯಾರು?" ಎಂದು ಕೂಗಿದಳು.

"ನಾನೇ ಕಣ, ಮರ್ತೇಬಿಟ್ಟೆ" ಎಂದಳು ಒಳಗಿನಿಂದ ಗೋವಿಂದಮ್ಮಾಳ್.

ಜಗಳ ಅಲ್ಲಿಗೆ ಮುಗಿಯಿತು. ಪೇಚ್ಚಿಯಮ್ಮಾಳ್ ಕೇರುವುದನ್ನೂ ನಿಲ್ಲಿಸಿರಲಿಲ್ಲ. ಪಾಂಡಿಯಮ್ಮಾಳ್ ಒಳಗೆ ಹೋಗಿ ಗದರಿದಾಗ, ಗೋವಿಂದಮ್ಮಾಳ್ ಹಣೆ ಬಡಿದುಕೊಂಡು, "ನಿಜವಾಗ್ಲೂ ನಾನೇ ಮರ್ತಿದ್ದೆ ಕಣೇ. ಕೇಳಿದ್ಯಲ್ಲ, ಬಾಯಿಗೆ ಅದೇ ಬಂತು. ಶನಿವಾರ ಸರಿಯಾಗಿ ಆಡ್ತೀನಿ" ಎಂದಳು.

ಶನಿವಾರ ಸರಿಯಾಗಿಯೇ ಆಡಿದಳು.

"ಮೊಸರು ಬೆಕ್ಕಿಗೆ ಮಡಗಿದ್ಯಾ, ಮನುಷ್ಯರಿಗೆ ಮಡಗಿದ್ಯಾ?" ಎಂದು ಪಾಂಡಿಯಮ್ಮಾಳ್ ಕೂಗಿದ್ದೇ, "ಮುಚ್ಚಕ್ಕೆ ನಿಂಗೆ ಕೈ ಇಲ್ವಾ? ಕೈಯಲ್ಲಿ ಗೋರಂಟಿ ಆಕಿದ್ಯಾ?" ಎಂದು ಗೋವಿಂದಮ್ಮಾಳ್ ಹೊಸಿಲು ದಾಟಿ ಬಂದಳು. ಸಣ್ಣದೆಂದುಕೊಂಡಿದ್ದ ಅವಳ ಗಂಟಲು ಸಣ್ಣದಾಗಿರಲಿಲ್ಲ. ಪೆಟ್ಟಿಗೆಯಲ್ಲಿ ಕೆಂದನೂ ಬೆಳ್ಳನೂ ಕುಂಯ್ ಕುಂಯ್ ಎಂದು ಚೀರತೊಡಗಿದವು. ಯಾರು ಜೋರಾಗಿ ಮಾತಾಡಿದರೂ ಅವಕ್ಕೆ ಸೊಪ್ಪು ಬಂತೆಂದೇ ಲೆಕ್ಕ.

"ಮುಚ್ಚಿದ್ರೆ ತಪ್ಪು, ಬಿಟ್ರೆ ತಪ್ಪು! ನಿನ್ ಒಲೆ, ನಿನ್ ಮಡಕೆ. ನಾನ್ ಈ ಮನೇಲಿ ಕೂಲಿಯೋಳು!"

ಪಾಂಡಿಯಮ್ಮಾಳಿನ ಈ ಮಾತು ಮೊದಲೇ ಗೊತ್ತುಮಾಡಿಕೊಂಡದ್ದಲ್ಲ. ಆದರೂ ಜಗಳಕ್ಕೆ ಹೊಂದುತ್ತಿತ್ತು. ಗೋಡೆಯ ಮೇಲೆ ಪೇಚ್ಚಿಯಮ್ಮಾಳಿನ ತಲೆ ಮೂಡಿತು. "ಎನ್ನಾಡೀ, ಉಂಗ ವೀಟ್ಟುಲೆಯಾ ಸತ್ತಂ?" ಎಂದು ತಮಿಳಿನಲ್ಲಿ ಬೆರಗಾದಳು. ನಿಮ್ಮ ಮನೆಯಿಂದಲೇ ಈ ಗಲಾಟೆಯೇ ಎಂದು. ಸಾಕ್ಷಿ ಸಿಕ್ಕಿತು. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು.

"ಕೂಲಿಯೋಳಾ?" ಎಂದಳು ಗೋವಿಂದಮ್ಮಾಳ್. "ನಾ ಇಕ್ಕಿದ್ದನ್ನ ಕಷಾಯ ನುಂಗಿದಂಗೆ ನುಂಗ್ತೀಯಲ್ಲ, ಆರು ವರ್ಸದಿಂದ! ನಿನ್ ಮೊಕ ನೋಡಿ ನೋಡಿ ನಂಗೆ ಅನ್ನ ಇಳಿಯಲ್ಲ. ಒಂದಿನ, ಒಂದೇ ಒಂದಿನ, ಚೆನ್ನಾಗೈತೆ ಅಂದಿದ್ಯಾ?"

ಅವಳ ಕಣ್ಣಲ್ಲಿ ನೀರಿತ್ತು. ಇದು ಆಟವಲ್ಲ ಎಂದು ಪಾಂಡಿಯಮ್ಮಾಳಿಗೆ ಹೊಳೆಯಿತು. ಹೊಳೆದ ಮೇಲೂ ಬಾಯಿ ನಿಲ್ಲಲಿಲ್ಲ.

"ಏನಂತ ಅನ್ಲಿ? ಎಲ್ಲಾದಕ್ಕೂ ನೀರು! ನಮ್ಮವ್ವ ಓಡೈಪಟ್ಟಿಯಿಂದ ಬಸ್ಸಿಳಿದು, ಉರಿಬಿಸ್ಲಲ್ಲಿ ನಡ್ಕೊಂಡು ಬಂದ್ರೆ, ಅವಳ ಮಜ್ಜಿಗೆಗೂ ನೀರು ಉಯ್ದು ಕೊಟ್ಟೆ. ಮಜ್ಜಿಗೆ ಅನ್ನೋ ಎಸರು ಮಾತ್ರ ಇತ್ತು ಅದ್ರಲ್ಲಿ. ಅವ್ವ ಅದ್ನ ಕುಡ್ದು, ತಂಪಾಗೈತೆ ಅಂದ್ಳು. ನಾನ್ ಕೊಟ್ಟಿಗೇಲಿ ಓಗಿ ಅತ್ತೆ!"

ಗೋವಿಂದಮ್ಮಾಳ್ ಬಿಳಿಚಿಕೊಂಡಳು. ಆಮೇಲೆ, ಕೂಗದೆ, ಸಣ್ಣ ದನಿಯಲ್ಲಿ ಹೇಳಿದಳು.

"ತನಿ ಒಲೆ ಬೇಕಾ ನಿಂಗೆ? ಬೇಯ್ಸಿ ಯಾರಿಗೆ ಇಕ್ತೀಯಾ? ನಿಂಗೆ ಯಾರವ್ರೆ?"

ಪೆಟ್ಟಿಗೆಯೂ ಸುಮ್ಮನಾಯಿತು. ಪಾಂಡಿಯಮ್ಮಾಳಿಗೆ ಮಕ್ಕಳಿರಲಿಲ್ಲ. ಒಮ್ಮೆ ಹೊಟ್ಟೆಯಲ್ಲಿ ನಿಂತದ್ದು ಉಳಿಯಲಿಲ್ಲ. ಆಗ ಅವಳ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದವಳು, ಬಿಸಿನೀರು ಹಾಕಿದವಳು, ಬೆಳ್ಳುಳ್ಳಿ ಬೇಯಿಸಿ ತಿನ್ನಿಸಿದವಳು ಗೋವಿಂದಮ್ಮಾಳೇ. ಆ ಮಾತು ಬೇರೆ ಯಾರ ಬಾಯಿಂದ ಬಂದಿದ್ದರೂ ಪಾಂಡಿಯಮ್ಮಾಳ್ ತಡೆದುಕೊಳ್ಳುತ್ತಿದ್ದಳು. ಅವಳು ಒ‍ಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಪೇಚ್ಚಿಯಮ್ಮಾಳ್ ಅವತ್ತೇ ಸಂಜೆ ಬಂದು, ಯಾರೂ ಕರೆಯದಿದ್ದರೂ, ತಾನು ಕೇಳಿದ್ದು ನಿಜವೆಂದು ಗೌಡರಿಗೆ ಹೇಳಿ ಹೋದಳು. ಗೌಡರು ತಲೆಯ ತುಂಡು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡರು. ಮೀಸೆಯ ಮಾತನ್ನು ಅವರಿಗೆ ನೆನಪಿಸುವ ಧೈರ್ಯ ಯಾರಿಗೂ ಇರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಕಿರಿಯ ಮಗನನ್ನು ಕರೆದು, "ಕೊಟ್ಟಿಗೆ ಪಕ್ಕದ ಇಳಿಮಾಡ್ನಲ್ಲಿ ಒಲೆ ಆಕ್ಕೊಳ್ಳಿ. ಬರೋ ಗುರುವಾರ ಒಳ್ಳೇ ದಿನ. ಭೂಮಿ ಒಂದೇ, ದನ ಒಂದೇ, ಒಲೆ ಮಾತ್ರ ತನಿ" ಎಂದರು. ಆಮೇಲೆ ಎದ್ದು ಹೋಗಿ ಕೆಂದನಿಗೂ ಬೆಳ್ಳನಿಗೂ ಸೊಪ್ಪು ಹಾಕಿದರು.

ಪಾಂಡಿಯಮ್ಮಾಳ್ ಕೆರೆಯ ಮಣ್ಣು ತಂದು ಒಲೆ ಹಾಕಿದಳು. ಮಡಕೆ ಕೂರಲು ಮೂರು ಗುಬಟು ತಟ್ಟಿ, ಸಗಣಿ ಸಾರಿಸಿ, ಸುಣ್ಣದಲ್ಲಿ ಗೆರೆ ಎಳೆದಳು. ಇಷ್ಟು ದಿನ ಕಾದ ಒಲೆ ಅದು. ಅದರ ಮುಂದೆ ಕೂತರೆ ಸಂತೋಷ ಬರಬೇಕಾಗಿತ್ತು. ಬರಲಿಲ್ಲ. ನಿಂಗೆ ಯಾರವ್ರೆ ಎಂಬ ಮಾತು ಒಲೆಯ ಬಾಯಿಂದಲೇ ಕೇಳಿದಂತೆ ಆಗುತ್ತಿತ್ತು. ಅಂಗಳದ ಆ ಕಡೆ ಗೋವಿಂದಮ್ಮಾಳ್ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದಳು. ಅಕ್ಕಿ, ಕಾಳು, ಮೆಣಸಿನಕಾಯಿ ಮೊರದಲ್ಲಿ ತಂದು ಹೊಸಿಲಿನ ಮೇಲೆ ಇಟ್ಟು ಹೋಗುತ್ತಿದ್ದಳು. ಇಬ್ಬರೂ ಮಾತಾಡುತ್ತಿರಲಿಲ್ಲ. ಆ ಮನೆ ನಿಜಕ್ಕೂ ಸದ್ದಿಲ್ಲದ ಮನೆಯಾದದ್ದು ಆ ದಿನಗಳಲ್ಲೇ.

ಗುರುವಾರ ಬೆಳಿಗ್ಗೆ ಬೊಮ್ಮುಸಾಮಿ ಬೆಂಕಿಪೊಟ್ಟಣ ತೆಗೆದ. ಜಗಲಿಯಿಂದ ಗೌಡರು ಗದರಿದರು. "ಕಡ್ಡಿ ಗೀರಿ ಅಚ್ಚಿದ್ರೆ ಅದು ಓಟಲ್ ಒಲೆ ಆಯ್ತದೆ. ತಾಯಿ ಒಲೆಯಿಂದ ಬೆಂಕಿ ತರ್ಬೇಕು. ಇರೀ ಸೊಸೆ ಕೈಯಾರೆ ಕೊಡ್ಬೇಕು, ಕಿರೀ ಸೊಸೆ ಬೇಡಿ ಈಸ್ಕೊಬೇಕು. ಅಂಗೇ ನಡ್ಕೊಂಡು ಬಂದೈತೆ."

ಪಾಂಡಿಯಮ್ಮಾಳ್ ಮಡಕೆಯ ಚೂರಿನಲ್ಲಿ ಬೂದಿ ಹರಡಿಕೊಂಡು ಅಂಗಳ ದಾಟಿದಳು. ಗೋವಿಂದಮ್ಮಾಳ್ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು.

"ಅಕ್ಕ, ಬೆಂಕಿ ಕೊಡು."

ಗೋವಿಂದಮ್ಮಾಳ್ ಚಿಮಟಕ್ಕೆ ಕೈ ಹಾಕಿದಳು. ಕೆಂಡ ಕೆದಕುತ್ತಾ, "ಏನ್ ಬೇಯಿಸ್ತಿ?" ಎಂದಳು.

"ಇನ್ನೂ ಯೋಚ್ಸಿಲ್ಲ" ಎಂದಳು ಪಾಂಡಿಯಮ್ಮಾಳ್. ಸುಮ್ಮನೆ ನಿಲ್ಲಲಾರದೆ, "ಅವ್ವನ ಎತ್ಬಾರ್ದು ಅಂತ ಮಾತಾಗಿತ್ತು. ಎತ್ಬಿಟ್ಟೆ" ಎಂದಳು.

"ನೀರು ಉಯ್ದಿದ್ದು ನಿಜ. ಅವತ್ತಿಂದ ನಂಗೂ ಗೊತ್ತಿತ್ತು, ನಿಂಗೂ ಗೊತ್ತು ಅಂತ." ಕೆಂಡವೊಂದು ಚಿಮಟದಿಂದ ಜಾರಿತು. ಮತ್ತೆ ಹಿಡಿದಳು. "ನಾ ಅಂದಿದ್ದು ಅದಕ್ಕಿಂತ ಕೆಟ್ಟದ್ದು. ನಾಲ್ಗೆ ಬಿದ್ದು ಓಗ್ಬೇಕಿತ್ತು ನಂದು."

ಪಾಂಡಿಯಮ್ಮಾಳ್ ಚೂರಿನೊಳಗಿನ ಬೂದಿಯನ್ನು ಬೆರಳಲ್ಲಿ ಸಮ ಮಾಡಿದಳು.

"ಈ ಮನೆಗೆ ಬಂದ ಮಾರನೇ ದಿನ ಅತ್ತೆ ಸೌಟು ಕೈಗೆ ಕೊಟ್ರು" ಎಂದಳು ಗೋವಿಂದಮ್ಮಾಳ್, ಒಲೆಗೇ ಹೇಳುವವಳಂತೆ. "ನೀವೆಲ್ಲ ಉಂಡ ಮೇಲೆ ಮಡಕೆ ಕೆರ್ಕೊಂಡು ಉಣ್ಣೋಳು ನಾನು. ತವರಲ್ಲೂ ಅವ್ವ ಇಲ್ಲ. ಒಬ್ರು ಬೇಯ್ಸಿ, ಕೂತ್ಕೋ ಗೋವಿಂದಮ್ಮ ಅಂತ ಇಕ್ಕಿದ್ದು ಅವತ್ತಿಂದ ನಾ ಉಂಡಿಲ್ಲ. ಕಾಲುವೇಲಿ ನಾ ಯಾಕೆ ಸಟ್ನೆ ಒಪ್ಕೊಂಡೆ ಅಂದ್ಕೊಂಡೆ? ನಿಂಗೆ ತನಿ ಒಲೆ ಆದ್ರೆ ನಾನೂ ಒಂದ್ ಮನೆಗೆ ನೆಂಟಳಾಗಿ ಓಗ್ಬೌದು ಅಂತ."

ಕೆಂಡಗಳನ್ನು ಒಂದೊಂದಾಗಿ ಬೂದಿಯ ಮೇಲೆ ಇಟ್ಟಳು. ಆಗ ಮೊದಲ ಸಲ ಮುಖ ಎತ್ತಿದಳು.

"ಬೇಯ್ಸಿ ಯಾರಿಗೆ ಇಕ್ತೀಯಾ ಅಂತ ಕೇಳಿದ್ನಲ್ಲ. ನಂಗೆ ಇಕ್ಕು. ಮಧ್ಯಾನ ಬರ್ತೀನಿ."

ಪಾಂಡಿಯಮ್ಮಾಳಿಗೆ ಅಳು ಒತ್ತರಿಸಿ ಬಂತು. ಎರಡೂ ಕೈಯಲ್ಲಿ ಬೆಂಕಿ ಇದ್ದುದರಿಂದ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ. ಆರು ವರ್ಷ ಈ ಒಲೆ ಅವಳದು, ಅವಳದು ಎಂದು ಹೊಟ್ಟೆ ಉರಿಸಿಕೊಂಡಿದ್ದಳು. ಒಲೆಯ ಮುಂದೆ ಕೂತವಳ ಹೊಟ್ಟೆಗೆ ಏನು ಬಿತ್ತೆಂದು ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಅದಕ್ಕೆ ಅವಳಿಗೆ ಬಹಳ ನಾಚಿಕೆಯಾಯಿತು.

"ಅಳ್ಬೇಡ ಪುಳ್ಳೆ, ಕೆಂಡ ಆರ್ತದೆ. ನಡಿ" ಎಂದಳು ಗೋವಿಂದಮ್ಮಾಳ್.

ಮಧ್ಯಾಹ್ನ ಗಂಡಸರ ಊಟವಾದ ಮೇಲೆ ಗೋವಿಂದಮ್ಮಾಳ್ ತಲೆ ಬಾಚಿಕೊಂಡು, ಹಬ್ಬದ ಸೀರೆ ಉಟ್ಟುಕೊಂಡು ಅಂಗಳ ದಾಟಿ ಬಂದಳು. ಪಾಂಡಿಯಮ್ಮಾಳ್ ಕಾಲಿಗೆ ನೀರು ಕೊಟ್ಟಳು, ಮಣೆ ಹಾಕಿದಳು, "ಕೂತ್ಕೋ ಅಕ್ಕ" ಎಂದು ಎಲೆ ಹಾಸಿದಳು. ಬಿಸಿ ಅನ್ನ, ಕಡೆದ ಅವರೆಕಾಳು, ಮೇಲೆ ಎಣ್ಣೆ. ಗೋವಿಂದಮ್ಮಾಳ್ ಕಲಸಿಕೊಂಡು ತುತ್ತು ಬಾಯಿಗಿಟ್ಟಳು. ಚೆನ್ನಾಗಿದೆ ಎನ್ನಲಿಲ್ಲ, ಚೆನ್ನಾಗಿಲ್ಲ ಎನ್ನಲೂ ಇಲ್ಲ. ತಲೆ ಬಗ್ಗಿಸಿಕೊಂಡು, ಆತುರವಿಲ್ಲದೆ, ಕೂತು ಉಂಡಳು. ಪಾಂಡಿಯಮ್ಮಾಳ್ ಸೌಟು ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದಳು.

ಎಲೆ ಬರಿದಾದಾಗ ಗೋವಿಂದಮ್ಮಾಳ್ ಅದನ್ನು ಒಂದಿಷ್ಟು ಮುಂದಕ್ಕೆ ಸರಿಸಿ, "ಇನ್ನೊಂದು ಸೊಲ್ಪ ಆಕು" ಎಂದಳು. ಆ ಮನೆಗೆ ಬಂದ ಮೇಲೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು.